ತಾಳೆಯಾಗದ ಸಹಿ

ಕರ್ಟ್ ಲಾಹ್ತೆಲಾನ ದೋಣಿ ಮುಳುಗಿ ವಾರಗಳು ಕಳೆದ ಮೇಲೆ, ಅವನ ಹೆಸರಿಗೆ ಕೌಂಟಿಯ ಚುನಾವಣಾ ಕಚೇರಿಯಿಂದ ಒಂದು ಕಾಗದ ಬಂತು. ಅದನ್ನು ಹಿಡಿದುಕೊಂಡು ಅವನ ಹೆಂಡತಿ ನಡೀನ್ ನನ್ನ ಬೇಕರಿಗೆ ಬಂದಾಗ ಮಧ್ಯಾಹ್ನ. ಬೆಳಗಿನ ಬ್ರೆಡ್ಡೆಲ್ಲ ಮಾರಾಟವಾಗಿ ನಾನು ತಟ್ಟೆಗಳನ್ನು ತೊಳೆಯುತ್ತಿದ್ದೆ. ಅವಳು ಕೋಟಿನ ಗುಂಡಿ ಹಾಕಿರಲಿಲ್ಲ, ತಲೆಗೂದಲು ಮಳೆಯಲ್ಲಿ ನೆನೆದು ಹಣೆಗೆ ಅಂಟಿತ್ತು.

"ಗ್ರೆಟಾ, ಇದನ್ನ ಓದು. ಗಟ್ಟಿಯಾಗಿ ಓದು. ನಾನು ಓದಿದ್ದು ಸರಿನಾ ಅಂತ ಗೊತ್ತಾಗಬೇಕು."

ಕೈ ಒರೆಸಿಕೊಂಡು ಓದಿದೆ. ಕರ್ಟ್ ಲಾಹ್ತೆಲಾ ಅವರೇ, ನಿಮ್ಮ ಮತದ ಲಕೋಟೆ ನಮಗೆ ತಲುಪಿದೆ. ಆದರೆ ಲಕೋಟೆಯ ಮೇಲಿನ ಸಹಿ ನಮ್ಮ ಕಡತದಲ್ಲಿರುವ ನಿಮ್ಮ ಸಹಿಯೊಂದಿಗೆ ತಾಳೆಯಾಗುತ್ತಿಲ್ಲ. ಜೊತೆಗಿರುವ ಹಾಳೆಗೆ ನೀವೇ ಸಹಿ ಮಾಡಿ ಗಡುವಿನೊಳಗೆ ತಲುಪಿಸಿ. ಇಲ್ಲದಿದ್ದರೆ ಲಕೋಟೆಯನ್ನು ತೆರೆಯುವುದಿಲ್ಲ, ನಿಮ್ಮ ಮತ ಎಣಿಕೆಗೆ ಸೇರುವುದಿಲ್ಲ.

"ಸರಿನಾ?" ಎಂದಳು ನಡೀನ್.

"ಸರಿ."

"ಅವನು ಬ್ಯಾಲೆಟ್ ಕಳಿಸಿದ್ದಾನೆ."

ನಾನು ಅವಳನ್ನು ಹಿಟ್ಟಿನ ಮೂಟೆಯ ಮೇಲೆ ಕೂರಿಸಿ ಬಿಸಿ ಕಾಫಿ ಕೊಟ್ಟೆ. ಅವಳು ಕುಡಿಯಲಿಲ್ಲ, ಲೋಟದಿಂದ ಕೈ ಕಾಯಿಸಿಕೊಂಡಳು ಅಷ್ಟೆ.

ನಡೆದದ್ದನ್ನು ಮೊದಲಿನಿಂದ ಹೇಳಬೇಕು. ನಮ್ಮ ಹ್ಯಾಡ್ಲಿ ಕೋವಿನಲ್ಲಿ ಓಟು ಹಾಕಲು ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ಅಕ್ಟೋಬರ್ ನಡುವಿನಲ್ಲಿ ಬ್ಯಾಲೆಟ್ಟು ಅಂಚೆಯಲ್ಲಿ ಮನೆಗೇ ಬರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಗುರುತು ಹಾಕಿ, ಲಕೋಟೆಗೆ ಸೇರಿಸಿ, ಹೊರಗೆ ಸಹಿ ಮಾಡಿ, ಅಂಚೆಗೋ ಗ್ರಂಥಾಲಯದ ಮುಂದಿನ ಕಬ್ಬಿಣದ ಡಬ್ಬಿಗೋ ಹಾಕುತ್ತೇವೆ. ಆ ವರ್ಷ ನಡೀನ್ ತನ್ನ ಬ್ಯಾಲೆಟ್ಟನ್ನು ಬಂದ ದಿನವೇ ಹಾಕಿದ್ದಳು. ಕರ್ಟ್ ತನ್ನದನ್ನು ತುಂಬಿ ಸಹಿ ಹಾಕಿ, ನಾನೇ ಹಾಕ್ತೀನಿ ಎಂದು ಜಾಕೆಟ್ಟಿನೊಳಗೆ ಇಟ್ಟುಕೊಂಡಿದ್ದ. ಅದಾದ ಕೆಲವೇ ದಿನಕ್ಕೆ ಅವನ ಮೀನಿನ ದೋಣಿ 'ಆಯ್ಲಾ' ನದಿಯ ಅಳಿವೆ ದಾಟಿ ಕಡಲಿಗೆ ಹೋದದ್ದು ಮರಳಲಿಲ್ಲ. ಕೋಸ್ಟ್ ಗಾರ್ಡಿನವರು ಹುಡುಕಿದರು. ಜೊತೆಯಲ್ಲಿ ಹೋಗಿದ್ದ ಡೆನಿಸನ ಹೆಣ ದಕ್ಷಿಣದ ಮರಳಿನಲ್ಲಿ ಸಿಕ್ಕಿತು. ಕರ್ಟನ ಒಂದು ಬೂಟು ಕೂಡ ಸಿಗಲಿಲ್ಲ. ಬ್ಯಾಲೆಟ್ಟೂ ಅವನೊಂದಿಗೇ ಹೋಯಿತೆಂದು ನಡೀನ್ ಅಂದುಕೊಂಡಿದ್ದಳು. ಆ ಬಗ್ಗೆ ಯೋಚಿಸುವಷ್ಟು ಮನಸ್ಸಾದರೂ ಅವಳಿಗೆ ಎಲ್ಲಿತ್ತು.

ಹೆಣವಿಲ್ಲದ ಸಾವು ವಿಚಿತ್ರ. ಊರಿನವರು ಸಂತಾಪ ಹೇಳಲು ಬಂದು, ಬಾಗಿಲಲ್ಲೇ ಮಾತು ಮರೆತು, ತಂದಿದ್ದ ಆಲೂಗಡ್ಡೆ ಅಡುಗೆಯ ಪಾತ್ರೆಯನ್ನು ಕೈಗೆ ಕೊಟ್ಟು ಹೋಗುತ್ತಿದ್ದರು. ನಡೀನ್ ಯಾರ ಮುಂದೆಯೂ 'ಸತ್ತ' ಎನ್ನುವ ಶಬ್ದವನ್ನು ಬಳಸಿರಲಿಲ್ಲ.

ಅವತ್ತೇ ನನ್ನ ಗಾಡಿಯಲ್ಲಿ ಕೌಂಟಿ ಕಚೇರಿಗೆ ಹೋದೆವು. ಅಲ್ಲಿ ಚುನಾವಣೆಯ ಕೆಲಸ ನೋಡುವವಳು ಲೊರೇನ್ ಪಿಕೆಟ್, ಮೃದು ಮಾತಿನ ದಪ್ಪ ಹೆಂಗಸು, ನಮ್ಮೂರಿನ ಕಡೆಯವಳೇ. ನಡೀನಳನ್ನು ನೋಡಿದ ಕೂಡಲೇ ಎದ್ದು ಬಂದಳು.

"ನಡೀನ್, ಆ ಹೆಸರನ್ನ ನಾನೂ ಎರಡೆರಡು ಸಲ ಓದಿದೆ ಕಣೆ. ಆದ್ರೆ ಸತ್ತಿದ್ದಾನೆ ಅಂತ ಕಾಗದ ಬರೋ ತನಕ ಅವನು ಮತದಾರನೇ. ಸಹಿ ತಾಳೆ ಆಗಲಿಲ್ಲ ಅಂದ್ರೆ ನಾವು ಬರೀಲೇಬೇಕು. ಬೇಕೂಂತ ನಿನ್ನ ನೋಯಿಸೋಕೆ ಮಾಡಿದ್ದಲ್ಲ."

"ನನಗೆ ಅದನ್ನ ತೋರಿಸು."

"ಕೈಗೆ ಕೊಡೋ ಹಾಗಿಲ್ಲ. ನಾನು ಹಿಡ್ಕೋತೀನಿ, ನೋಡು."

ಲೊರೇನ್ ಒಳಗಿನಿಂದ ಲಕೋಟೆಯನ್ನು ತಂದು ಮೇಜಿನ ಆ ಬದಿಯಲ್ಲಿ ಹಿಡಿದಳು. ಪಕ್ಕದ ಪರದೆಯ ಮೇಲೆ ಅವರಲ್ಲಿದ್ದ ಹಳೆಯ ಸಹಿ. ಹಳೆಯದು ಎತ್ತರ ಎತ್ತರದ ಅಕ್ಷರಗಳ ದರ್ಪದ ಸಹಿ. ಲಕೋಟೆಯ ಮೇಲಿನದು ಸಣ್ಣದು, ಎಡಕ್ಕೆ ಬಾಗಿ ತೆವಳುವಂಥದ್ದು, ಕೊನೆಯಲ್ಲಿ ಗೀಟು ಜಾರಿ ಅಂಚಿನವರೆಗೂ ಹೋಗಿತ್ತು.

"ನೋಡು, ಎಷ್ಟು ಬೇರೆ ಇದೆ" ಎಂದಳು ಲೊರೇನ್ ಮೆಲ್ಲಗೆ. "ಯಾರೋ ತಿಳೀದೆ ಅವನ ಹೆಸರಲ್ಲಿ ಹಾಕಿರಬೇಕು ಅಂದ್ಕೊಂಡ್ವಿ."

ನಡೀನ್ ನಕ್ಕುಬಿಟ್ಟಳು. ದೋಣಿ ಹೋದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು.

"ಅವನದೇ. ಇದೇ ಅವನದು! ಹೋದ ಚಳಿಗಾಲದ ಹಿಂದಿನ ಚಳಿಗಾಲ ಬಲೆ ಎಳೆಯೋ ಯಂತ್ರಕ್ಕೆ ಹೆಬ್ಬೆರಳು ಕೊಟ್ಟನಲ್ಲ, ಆಮೇಲೆ ಪೆನ್ನನ್ನ ಎರಡು ಬೆರಳ ಮಧ್ಯ ಸಿಗಿಸ್ಕೊಂಡು ಹೀಗೇ ಬರೀತಿದ್ದ. ಸಹಿ ಬದಲಾಯ್ತು ಅಂತ ಇಲ್ಲಿಗೆ ತಿಳಿಸು ಅಂತ ನಾನೇ ಹೇಳಿದ್ದೆ. ಕೇಳಿದ್ರೆ ತಾನೆ ಅವನು? ಈ ಹಳೇ ಸಹಿನ ಯಾರು ಬೇಕಾದ್ರೂ ಕದೀಬಹುದು ಲೊರೇನ್. ಈ ಕೊಕ್ಕರೆಕಾಲನ್ನ ಯಾರು ಹಾಕ್ತಾರೆ?"

ಲೊರೇನ್ ಲಕೋಟೆಯನ್ನು ತಿರುಗಿಸಿದಳು. ಆಗ ನಡೀನ್ ಅಂಚೆಯ ಮೊಹರನ್ನು ಕಂಡಳು. ಪೋರ್ಟ್‌ಲ್ಯಾಂಡ್. ಮತದಾನದ ಕೊನೆಯ ದಿನದ ತಾರೀಕು. 'ಆಯ್ಲಾ' ಮುಳುಗಿ ಆಗ ಒಂದು ವಾರದ ಮೇಲಾಗಿತ್ತು.

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. "ಬದುಕಿದ್ದಾನೆ" ಎಂದಳು. ನನಗಲ್ಲ, ಲೊರೇನಳಿಗೂ ಅಲ್ಲ.

ಪೋರ್ಟ್‌ಲ್ಯಾಂಡಿಗೆ ಬೆಟ್ಟ ದಾಟಿ ಹೋಗಬೇಕು. ಬಟ್ಟೆ ತೆಗೆದುಕೊಳ್ಳಲು ಅವಳ ಮನೆಯಲ್ಲಿ ನಿಂತೆವು. ಕರ್ಟನ ತಂದೆ ವೈನೋ ಅವರೊಂದಿಗೇ ಇದ್ದವನು; ಆಯ್ಲಾ ಎಂಬುದು ತೀರಿಕೊಂಡ ಅವನ ಹೆಂಡತಿಯ ಹೆಸರು, ಮಗನಿಗೆ ಕೊಡುವ ಮೊದಲು ಆ ದೋಣಿ ಅವನದೇ. ಫಿನ್‌ಲ್ಯಾಂಡಿನಿಂದ ಬಂದವರ ಮನೆತನ, ಹಾಗಾಗಿ ಕರ್ಟ್ ಅಪ್ಪನನ್ನು 'ಇಸಾ' ಎಂದು ಕರೆಯುತ್ತಿದ್ದ, ನಡೀನಳಿಗೂ ಅದೇ ರೂಢಿ. ಮುದುಕ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ.

"ಇಸಾ! ಕರ್ಟ್ ಬದುಕಿದ್ದಾನೆ. ಪೋರ್ಟ್‌ಲ್ಯಾಂಡಿನಿಂದ ಬ್ಯಾಲೆಟ್ ಕಳಿಸಿದ್ದಾನೆ. ಸಹಿ ನಾನೇ ನೋಡಿದೆ. ಗ್ರೆಟಾನೂ ನೋಡಿದ್ಲು!"

ಚಾಕು ನಿಂತಿತು. ವೈನೋ ಅವಳ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿ ಸಿಪ್ಪೆಯನ್ನು ಬೆರಳಿನಿಂದ ಸರಿಸುತ್ತ, "ಬೆಟ್ಟದ ಮೇಲೆ ಮಂಜಿರುತ್ತೆ. ನಿಧಾನ ಹೋಗಿ" ಎಂದ.

ಅಷ್ಟೇ. ಮುದುಕನಿಗೆ ಆಘಾತವಾಗಿದೆ ಎಂದುಕೊಂಡೆ ನಾನು.

ದಾರಿಯುದ್ದಕ್ಕೂ ನಡೀನ್ ಮಾತಾಡಿದಳು. ಯಾವುದೋ ದೊಡ್ಡ ಹಡಗಿನವರು ಅವನನ್ನು ಎತ್ತಿರಬೇಕು. ತಲೆಗೆ ಪೆಟ್ಟು ಬಿದ್ದಿರಬೇಕು. ಲಕೋಟೆ ಜಾಕೆಟ್ಟಿನೊಳಗೇ ಇತ್ತಲ್ಲ, ಕೈಗೆ ಸಿಕ್ಕಾಗ ಅಂಚೆಗೆ ಹಾಕಿದ್ದಾನೆ. ಆಮೇಲೆ ತಾನೇ ನಿಲ್ಲಿಸಿ, "ತಾನು ಯಾರು ಅಂತ ಮರೆತೋನು ಓಟು ಹಾಕೋದು ಮಾತ್ರ ಮರೀಲಿಲ್ವಾ ಅಂತೀಯಾ?" ಎಂದಳು. ನಾನು ಹಾಗೆ ಅಂದಿರಲಿಲ್ಲ. ಆ ಲಕೋಟೆ ಎಷ್ಟು ಒಣಗಿ ಚೊಕ್ಕಟವಾಗಿತ್ತು ಎಂದಷ್ಟೇ ಯೋಚಿಸುತ್ತಿದ್ದೆ. ಉಪ್ಪುನೀರು ತಾಗಿದ ಕಾಗದವನ್ನು ಕರಾವಳಿಯ ಯಾರಾದರೂ ಗುರುತು ಹಿಡಿಯುತ್ತಾರೆ.

"ನನ್ನ ಬಿಟ್ಟು ಹೋಗಿದ್ರೂ ಪರವಾಗಿಲ್ಲ" ಎಂದಳು ಬೆಟ್ಟ ಇಳಿಯುವಾಗ. "ಇನ್ಯಾವಳ ಜೊತೆಗೋ ಇದ್ರೂ ಸರಿ. ಅವಳಿಗೆ ಒಂದು ಥ್ಯಾಂಕ್ಸ್ ಹೇಳಿ ವಾಪಸ್ ಬರ್ತೀನಿ. ಉಸಿರಾಡ್ತಿದ್ರೆ ಸಾಕು ಗ್ರೆಟಾ."

ಆಸ್ಪತ್ರೆಗಳಲ್ಲಿ ಫೋಟೋ ತೋರಿಸಿದೆವು. ನದಿಯ ದಂಡೆಯಲ್ಲಿ ಮನೆಯಿಲ್ಲದವರು ಮಲಗುವ ಜಾಗಗಳಲ್ಲಿ ಕೇಳಿದೆವು. ನಡೀನ್ ಬೀದಿಯಲ್ಲಿ ಹೋಗುತ್ತಿದ್ದವಳು ಇದ್ದಕ್ಕಿದ್ದಂತೆ ಓಡಿ ಯಾರದೋ ಭುಜ ಮುಟ್ಟುತ್ತಿದ್ದಳು. ತಿರುಗಿದರೆ ಬೇರೆ ಮುಖ. ಆ ಊರಿನ ಗಂಡಸರೆಲ್ಲ ಹಿಂದಿನಿಂದ ಕರ್ಟನ ಹಾಗೆ ಕಾಣುತ್ತಿದ್ದಾರೆ ಎಂದಳು. ನಿಜ ಹೇಳಬೇಕೆಂದರೆ ರಾತ್ರಿಯ ಹೊತ್ತಿಗೆ ನನಗೂ ಹಾಗೇ ಕಾಣತೊಡಗಿತ್ತು.

ಸೂಪು ಹಂಚುವ ಒಂದು ಚರ್ಚಿನಲ್ಲಿ, ಬಲಗೈ ಹೆಬ್ಬೆರಳಿಲ್ಲದವನೊಬ್ಬ ದಿನಾ ಊಟಕ್ಕೆ ಬರುತ್ತಾನೆ ಎಂದರು. ಮಾರನೆಯ ದಿನ ಅಲ್ಲೇ ಕಾದೆವು. ಬಂದವನು ಬಿಳಿ ಗಡ್ಡದ ಮುದುಕ, ಮರ ಕಡಿಯುವ ಕೆಲಸದಲ್ಲಿದ್ದವನು. ನಡೀನ್ ಅವನ ಮುಂದೆ ನಿಂತೇ ಇದ್ದಳು. ನಾನು ವಿಷಯ ಹೇಳಿದೆ. ಆತ ಚಮಚ ಕೆಳಗಿಟ್ಟು ತನ್ನ ಕೈಯನ್ನು ಅವಳೆದುರು ಚಾಚಿದ.

"ನೋಡ್ಕೋ ತಾಯಿ. ನೋಡ್ಕೊಂಡ್ರೆ ಏನೂ ಹೋಗಲ್ಲ."

ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಆತ ಊಟ ಆರುತ್ತಿದ್ದರೂ ಎಳೆದುಕೊಳ್ಳಲಿಲ್ಲ.

ಊರಿಗೆ ಮರಳಿದೆವು. ಮುದುಕ ಏನು ಸಿಕ್ಕಿತೆಂದು ಕೇಳಲಿಲ್ಲವಂತೆ. ಮರುದಿನ ನಡೀನ್ ನನ್ನನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋದಳು. ಕರ್ಟ್ ತನ್ನ ಕಾಗದಗಳನ್ನು ಬೇರೆ ವಿಳಾಸಕ್ಕೆ ಕಳಿಸಿ ಎಂದು ಬರೆದಿದ್ದಾನೆಯೇ ಎಂದು ಕೇಳುವುದು ಅವಳ ಯೋಚನೆ. ಅಂಚೆಯ ಡೆಲ್ ಇಲ್ಲವೆಂದು ತಲೆಯಾಡಿಸಿ, ಪೋರ್ಟ್‌ಲ್ಯಾಂಡಿನ ಮೊಹರಿನ ಮಾತು ಬಂದಾಗ ಹುಬ್ಬೇರಿಸಿದ.

"ಪೋರ್ಟ್‌ಲ್ಯಾಂಡಾ? ಅಯ್ಯೋ ನಡೀನ್, ಎಲ್ಲದಕ್ಕೂ ಅದೇ ಮೊಹರು. ಇಲ್ಲಿ ಮೊಹರು ಒತ್ತೋದು ನಿಲ್ಸಿ ಎಷ್ಟೋ ವರ್ಷ ಆಯ್ತು. ನೀನು ಪಕ್ಕದ ಮನೆಗೆ ಕಾಗದ ಹಾಕಿದ್ರೂ ಅದು ಲಾರೀಲಿ ಬೆಟ್ಟ ಹತ್ತಿ ಅಲ್ಲಿಗೆ ಹೋಗಿ, ಒತ್ತಿಸ್ಕೊಂಡು ವಾಪಸ್ ಬರುತ್ತೆ."

"ಅಂದ್ರೆ... ಇಲ್ಲೇ ಹಾಕಿರಬಹುದು."

"ಇಲ್ಲೇ ಇರಬೇಕು. ಅವತ್ತಿನ ತಾರೀಕು ಬೀಳಬೇಕಾದ್ರೆ ಸಾಯಂಕಾಲದ ಲಾರಿಗೆ ಹೋಗಿರಬೇಕು." ಡೆಲ್ ಅಷ್ಟಕ್ಕೇ ಬಿಡಬಹುದಿತ್ತು. ಅವನು ಒಳ್ಳೆಯವನು, ನೆರವಾಗಬೇಕೆಂದು ನೆನಪು ಮಾಡಿಕೊಂಡ. "ಅವತ್ತು ವೈನೋ ಬಂದಿದ್ರಲ್ಲ, ಅವರನ್ನ ಕೇಳು. ಲಾರಿ ಹೊರಟೇ ಬಿಟ್ಟಿತ್ತು, ರಸ್ತೆ ಮಧ್ಯ ನಿಂತು ಕೈ ಅಡ್ಡ ಹಿಡಿದು ನಿಲ್ಲಿಸಿದ್ರು. ಒಂದು ಲಕೋಟೆಗೋಸ್ಕರ! ಆ ವಯಸ್ಸಲ್ಲಿ ಅಷ್ಟು ಜೋರಾಗಿ ಓಡಿ ಬಂದಿದ್ದು ನೋಡಿ ನನಗೇ ಗಾಬರಿ ಆಯ್ತು."

ನಡೀನ್ ಅಲ್ಲಿದ್ದ ಬೆಂಚಿನ ಮೇಲೆ ಕುಳಿತಳು. ಯಾರೋ ಬಂದರು, ಅಂಚೆಚೀಟಿ ಕೊಂಡರು, ಹೋದರು. ಡೆಲ್ ನನ್ನತ್ತ ನೋಡಿದ, ನಾನು ನೆಲ ನೋಡಿದೆ. ಅವಳು ಎದ್ದಾಗ ಮುಖ ಬೇರೆಯದಾಗಿತ್ತು. ಪೋರ್ಟ್‌ಲ್ಯಾಂಡಿನಲ್ಲಿ ಅಪರಿಚಿತರ ಭುಜ ಮುಟ್ಟಿದ ಹೆಂಗಸು ಅವಳಲ್ಲ.

ಮನೆಯಲ್ಲಿ ವೈನೋ ಒಲೆಯ ಪಕ್ಕ ಕುಳಿತಿದ್ದ. ಅವಳು ಕೋಟು ತೆಗೆಯದೆ ಎದುರಿಗೆ ನಿಂತಳು.

"ಇಸಾ, ಕರ್ಟನ ಲಕೋಟೆ ನಿಮ್ಮ ಹತ್ರ ಹೇಗೆ ಬಂತು?"

ಮುದುಕ ಅದನ್ನೇ ಕಾಯುತ್ತಿದ್ದವನ ಹಾಗೆ ಹೇಳಿದ. "ಅವನೇ ಕೊಟ್ಟ. ಸೋಮವಾರ. ಗಾಳಿ ಜೋರಿತ್ತು, ಯಾವ ದೋಣಿನೂ ಹೊರಟಿರಲಿಲ್ಲ. ನೀನು ಗ್ರಂಥಾಲಯದ ಕಡೆ ಹೋಗ್ತೀಯಲ್ಲ, ನನ್ನದೂ ಡಬ್ಬಿಗೆ ಹಾಕು ಅಂದ. ನಾನು ನನ್ನದು ಹಾಕಿದೆ."

"ಅವನದು?"

"ಅವನದು ಜೇಬಲ್ಲೇ ಇಟ್ಕೊಂಡೆ."

"ಯಾಕೆ?"

"ಧಕ್ಕೆ" ಎಂದ ಮುದುಕ.

ಹಳೆಯ ಮೀನಿನ ಕಾರ್ಖಾನೆಯ ಮುಂದೆ ದೋಣಿಗಳು ನಿಲ್ಲುವ ಮರದ ಧಕ್ಕೆಯನ್ನು ಹೋಟೆಲಿನವರಿಗೆ ಮಾರಬೇಕೇ ಬೇಡವೇ ಎಂಬುದು ಆ ಸಲದ ಬ್ಯಾಲೆಟ್ಟಿನಲ್ಲಿ ನಮ್ಮೂರಿನ ಪ್ರಶ್ನೆ. ವೈನೋನ ಅಪ್ಪ ಆ ಧಕ್ಕೆಯ ಕಂಬ ಹೂಳಿದವರಲ್ಲಿ ಒಬ್ಬ. ಕೊಳೆತ ಮರ, ಮಾರಿ ಹೊಸದು ಕಟ್ಟೋಣ ಎನ್ನುವುದು ಕರ್ಟನ ವಾದ. ಬೇಸಗೆಯಿಡೀ ಆ ಮನೆಯ ಊಟದ ಮೇಜಿನಲ್ಲಿ ಅದೇ ಜಗಳ. ನೀನು ಮುದುಕ ಆಗಿದ್ದೀಯ, ಧಕ್ಕೆನೂ ಮುದಿ ಆಗಿದೆ, ಎರಡನ್ನೂ ಒಟ್ಟಿಗೆ ಮಾರ್ತೀನಿ ಎಂದು ಕರ್ಟ್ ನನ್ನೆದುರೇ ಕಿಚಾಯಿಸಿದ್ದುಂಟು. ಮುದುಕ ಆಗ ನಕ್ಕಿರಲಿಲ್ಲ.

"ಒಂದು ಓಟು. ಒಂದು ಓಟು ಕಮ್ಮಿ ಆಗಲಿ ಅಂತ. ಎಲ್ಲ ಮುಗಿದ ಮೇಲೆ, ಮರೆತುಬಿಟ್ಟೆ ಮಗಾ ಅನ್ನೋಣ ಅಂತಿದ್ದೆ. ಬೈದು ಸುಮ್ಮನಾಗ್ತಿದ್ದ." ವೈನೋ ತನ್ನ ಅಂಗೈ ನೋಡಿಕೊಂಡ. "ಬುಧವಾರ ಅವನು ಹೊರಟ. ಆಮೇಲೆ ಲಕೋಟೆ ಇದ್ದ ಆ ಕೋಟನ್ನ ನಾನು ಹಾಕ್ಕೊಳ್ಳೋಕೆ ಆಗಲಿಲ್ಲ. ಅಲ್ಲಿ ಗೂಟದಲ್ಲಿ ನೇತಾಡ್ತಿತ್ತು. ಹೋಗ್ತಾ ಬರ್ತಾ, ಅವನೇ ಬೆನ್ನು ತಿರುಗಿಸ್ಕೊಂಡು ನಿಂತಿದ್ದಾನೆ ಅನ್ನಿಸೋದು. ನನ್ನದು ಹಾಕಿದ್ಯಾ ಅಂತ ಕೇಳೋ ಹಾಗೆ. ಕೊನೇ ದಿನ ಇನ್ನು ತಡೆಯೋಕಾಗಲಿಲ್ಲ. ಡಬ್ಬಿ ಹತ್ರ ಜನ ಇದ್ರು. ಅಂಚೆಗೆ ಓಡಿದೆ."

"ನಾನು ಪೋರ್ಟ್‌ಲ್ಯಾಂಡಿಗೆ ಹೊರಟಾಗ ನೀವು ಇಲ್ಲೇ ಕೂತಿದ್ರಿ" ಎಂದಳು ನಡೀನ್. ಧ್ವನಿ ಏರಿಸಲಿಲ್ಲ. "ಆಲೂಗಡ್ಡೆ ಸುಲೀತಾ ಕೂತಿದ್ರಿ. ಮಂಜಿದೆ ನಿಧಾನ ಹೋಗಿ ಅಂದ್ರಿ. ಬೀದೀಲಿ ಹೋಗೋ ಗಂಡಸರನ್ನೆಲ್ಲ ಹಿಡಿದು ತಿರುಗಿಸಿ ನೋಡಿದೆ ನಾನು."

"ನಿನ್ನ ಮುಖ ನೋಡಿದೆ. ಆ ಮುಖಕ್ಕೆ ಹೇಳೋಕೆ ಬಾಯಿ ಬರಲಿಲ್ಲ." ಆಮೇಲೆ ಮುದುಕ ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಅಂಚೆಗೆ ಹಾಕಿದ್ದು ನಾನೇ ಅಂತ ನನಗೆ ಗೊತ್ತು ನಡೀನ್. ಆದ್ರೂ ನೀನು ಹೊರಟಾಗ, ಅಲ್ಲಿ ಅವನು ಸಿಗ್ತಾನೆ ಅನ್ನಿಸ್ತು. ಬಾಗಿಲ ಕಡೆನೇ ನೋಡ್ತಾ ಕೂತಿದ್ದೆ."

ನಡೀನ್ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಮೇಲೆ ಅವರಿಬ್ಬರೂ ಒಂದೇ ಮನೆಯಲ್ಲಿ ಮಾತಿಲ್ಲದೆ ದಿನ ದೂಡಿದರು. ಅವಳು ಅಡುಗೆ ಮಾಡಿ ಅವನ ತಟ್ಟೆಯನ್ನು ಮೇಜಿನ ಮೇಲಿಟ್ಟು ತಾನು ನಿಂತೇ ತಿನ್ನುತ್ತಿದ್ದಳು. ಹೊರಟುಹೋಗಬಹುದಿತ್ತು, ಅವಳಿಗೆ ಅಕ್ಕನ ಮನೆಯಿತ್ತು. ಕರ್ಟ್ ಬಂದರೆ ಇಲ್ಲಿಗೇ ಬರುತ್ತಾನಲ್ಲ ಎಂಬ ಯೋಚನೆ ಒಳಗಿನ್ನೂ ಇತ್ತೆಂದು ಕಾಣುತ್ತದೆ. ಮೊಹರಿನ ಗುಟ್ಟು ಬಯಲಾದ ಮೇಲೂ ಅದು ಪೂರ್ತಿ ಸತ್ತಿರಲಿಲ್ಲ.

ಸಹಿಯ ಗಡುವು ಮುಗಿಯುವ ದಿನ ಮುದುಕ ಹಸನಾಗಿ ಗಡ್ಡ ಹೆರೆದು, ಚರ್ಚಿಗೆ ಹೋಗುವ ಕೋಟು ಹಾಕಿ, ನನ್ನ ಬೇಕರಿಗೆ ಬಂದ. "ಗ್ರೆಟಾ, ನನ್ನನ್ನ ಕೌಂಟಿ ಕಚೇರಿಗೆ ಕರ್ಕೊಂಡು ಹೋಗ್ತೀಯಾ? ಮಗನ ಓಟು ಹಾಳಾಗಬಾರದು." ನಾನು ನಡೀನಳಿಗೆ ಹೇಳಿಕಳಿಸಿದೆ. ಬರುವುದಿಲ್ಲ ಅಂದುಕೊಂಡಿದ್ದೆ. ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.

ಲೊರೇನ್ ಅವನಿಗೆ ಕುರ್ಚಿ ಹಾಕಿದಳು. ಅವನು ಕೂರಲಿಲ್ಲ.

"ನಾನು ಅವನ ಅಪ್ಪ. ದೋಣಿ ಹೊರಡೋ ಮೊದಲೇ ಲಕೋಟೆ ನನ್ನ ಕೈಗೆ ಕೊಟ್ಟಿದ್ದ, ನಾನು ಕೊನೇ ದಿನ ಅಂಚೆಗೆ ಹಾಕಿದೆ. ಅವನು ಇಲ್ಲ. ಆ ಹಾಳೆಗೆ ನಾನು ಸಹಿ ಹಾಕ್ತೀನಿ."

"ಆಗಲ್ಲ ವೈನೋ. ಅವನೇ ಹಾಕಬೇಕು. ಬೇರೆ ಯಾರು ಹಾಕಿದ್ರೂ ಅಪರಾಧ ಆಗುತ್ತೆ."

"ಸೊಸೆ ಹೇಳ್ತಾಳಲ್ಲ, ಅದು ಅವನದೇ ಸಹಿ ಅಂತ?"

"ನಾನೂ ನಂಬ್ತೀನಿ. ಆದ್ರೆ ನನ್ನ ನಂಬಿಕೆಗೆ ಇಲ್ಲಿ ಜಾಗ ಇಲ್ಲ. ಕಡತದಲ್ಲಿರೋದಕ್ಕೆ ತಾಳೆ ಆಗಬೇಕು, ಇಲ್ಲ ಅವನು ಬರಬೇಕು."

ಮುದುಕ ಮೇಜಿನ ಮೇಲೆ ಬಾಗಿ, ಮಕ್ಕಳು ಕೇಳುವ ಹಾಗೆ ಕೇಳಿದ. "ಎಣಿಸಬೇಡ ಹೋಗಲಿ. ತೆಗೆದು ನೋಡಿ ಒಂದು ಮಾತು ಹೇಳು. ಧಕ್ಕೆ ಮಾರಿ ಅಂತ ಹಾಕಿದ್ದಾನೋ, ಬೇಡ ಅಂತಲೋ. ನನ್ನ ಕಡೆ ಇದ್ನೋ ಇಲ್ವೋ. ಯಾರಿಗೂ ಹೇಳಲ್ಲ."

"ಒಪ್ಪದೇ ಇರೋ ಲಕೋಟೆನ ಯಾರೂ ತೆಗೆಯೋ ಹಾಗಿಲ್ಲ. ನಾನೂ ಇಲ್ಲ, ಜಡ್ಜ್ ಬಂದು ಕೇಳಿದ್ರೂ ಸುಮ್ಮಸುಮ್ಮನೆ ಇಲ್ಲ. ಇಷ್ಟು ಕಾಲ ಇಡಬೇಕು ಅಂತಿದೆ, ಇಡ್ತೀವಿ. ಆಮೇಲೆ ಮುಚ್ಚಿದ್ದನ್ನ ಮುಚ್ಚಿದ ಹಾಗೇ ಚೂರು ಮಾಡಿಬಿಡ್ತೀವಿ." ಅವನ ಕಣ್ಣು ನೋಡಿ ಲೊರೇನಳಿಗೆ ಸಂಕಟವಾಗಿರಬೇಕು. ಅವನ ಕೈ ಮೇಲೆ ಕೈಯಿಟ್ಟಳು. "ತಡ ಮಾಡಿದೆ ಅಂತ ಕೊರಗಬೇಡಿ ವೈನೋ. ಮೊದಲೇ ಬಂದಿದ್ರೂ ಈ ಸಹಿ ತಾಳೆ ಆಗ್ತಿರಲಿಲ್ಲ. ಏನಾಗ್ತಿತ್ತು? ಚುನಾವಣೆಗೆ ಮುಂಚೆ ಬಂದಿದ್ದಕ್ಕೆ ನಾವು ಕಾಗದ ಬರೆದು ಕೂರಲ್ಲ, ಅವತ್ತೇ ಫೋನ್ ಮಾಡ್ತೀವಿ. ಕರ್ಟ್, ನಾಳೆ ಬೆಳಿಗ್ಗೆ ಬಂದು ಒಂದು ಸಹಿ ಹಾಕಿ ಹೋಗಪ್ಪಾ ಅಂತಿದ್ವಿ. ಅಷ್ಟೇ."

ಸಮಾಧಾನಕ್ಕೆ ಹೇಳಿದ ಮಾತು ಅದು.

ಸೋಮವಾರ ಡಬ್ಬಿಗೆ ಬಿದ್ದಿದ್ದರೆ ಮಂಗಳವಾರ ಇಲ್ಲಿರುತ್ತಿತ್ತು. ಮಂಗಳವಾರ ಫೋನು. ಬುಧವಾರ ಬೆಳಿಗ್ಗೆ ಕರ್ಟ್ ಈ ಮೇಜಿನ ಮುಂದೆ ನಿಂತು ಎರಡು ಬೆರಳ ಮಧ್ಯೆ ಪೆನ್ನು ಸಿಗಿಸಿಕೊಂಡು ಲೊರೇನಳನ್ನು ಗೋಳು ಹುಯ್ದುಕೊಳ್ಳುತ್ತಿದ್ದ. ಬುಧವಾರ ಬೆಳಗಿನ ಉಬ್ಬರಕ್ಕೆ 'ಆಯ್ಲಾ' ಅಳಿವೆ ದಾಟುತ್ತಿರಲಿಲ್ಲ. ನಾನು ಇದನ್ನು ಲೆಕ್ಕ ಹಾಕುವಷ್ಟರಲ್ಲಿ ನಡೀನ್ ಹಾಕಿ ಮುಗಿಸಿದ್ದಳು, ಅವಳ ಕೈ ಬಾಯಿಯ ಮೇಲಿತ್ತು. ಮುದುಕ ನಮ್ಮಿಬ್ಬರಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದ. ಲೊರೇನ್ ಹಾಕಿದ್ದ ಕುರ್ಚಿಯಲ್ಲಿ ಈಗ ಕುಳಿತ. ಲೊರೇನಳಿಗೆ ತಾನೇನು ಹೇಳಿದೆನೆಂದು ಆಮೇಲೆ ತಿಳಿಯಿತು.

ನಡೀನ್ ಮುಂದೆ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಮಾವನನ್ನು ನೋಡಲೇ ಇಲ್ಲ.

"ಲೊರೇನ್, ಪಟ್ಟಿಯಿಂದ ಅವನ ಹೆಸರು ತೆಗೆಯೋಕೆ ಏನು ಮಾಡಬೇಕು?"

"ಅದು... ಈಗಲೇ ಬೇಕಾಗಿಲ್ಲ ನಡೀನ್. ಕೋರ್ಟಿಂದ ಕಾಗದ ಬರಲಿ."

"ಮುಂದಿನ ಸಲನೂ ಅವನ ಹೆಸರಿಗೆ ಬ್ಯಾಲೆಟ್ ಬಂದ್ರೆ ನಾನು ಇನ್ನೊಂದು ಸಲ ಪೋರ್ಟ್‌ಲ್ಯಾಂಡಿಗೆ ಹೋಗ್ತೀನಿ. ನನ್ನ ಬಗ್ಗೆ ನನಗೆ ಗೊತ್ತು. ಕರ್ಟ್ ಸತ್ತಿದ್ದಾನೆ. ಬರ್ಕೋ."

ಆ ಶಬ್ದವನ್ನು ಅವಳು ಮೊದಲ ಸಲ ಹೇಳಿದಳು. ಕುರ್ಚಿಯಲ್ಲಿದ್ದ ಮುದುಕ ಹೊಡೆತ ತಿಂದವನಂತೆ ಮುಖ ಪಕ್ಕಕ್ಕೆ ತಿರುಗಿಸಿದ.

ಧಕ್ಕೆ ಮಾರುವುದು ಬೇಡವೆಂದೇ ಊರು ಓಟು ಹಾಕಿತ್ತು. ಭಾರೀ ಅಂತರ; ಹತ್ತು ಕರ್ಟ್‌ಗಳು ಓಟು ಹಾಕಿದ್ದರೂ ಅದು ಅಲುಗಾಡುತ್ತಿರಲಿಲ್ಲ. ಯಾರೋ ವೈನೋನ ಕೈ ಕುಲುಕಿ, ನಿಮ್ಮಪ್ಪನ ಕಂಬಗಳು ಉಳಿದವು ನೋಡಿ ಎಂದರಂತೆ. ಅವನು ಆ ಕಡೆ ಹೋಗುವುದನ್ನೇ ಬಿಟ್ಟ.

ಚಳಿಗಾಲದಲ್ಲಿ ಫೋನು ಶುರುವಾಯಿತು. ಅವರ ಅಡುಗೆಮನೆಯ ಗೋಡೆಯ ಮೇಲೆ ಹಳೆಯ ಫೋನೊಂದಿದೆ. ಮುದುಕ ಎಲ್ಲಿದ್ದರೂ ತಟ್ಟನೆ ತಲೆಯೆತ್ತಿ, ಎದ್ದು ಹೋಗಿ ಅದನ್ನು ಎತ್ತುತ್ತಿದ್ದ. ಬೆಲ್ಲು ಆಗಿರುತ್ತಿರಲಿಲ್ಲ. ನಡೀನ್ ಮೊದಮೊದಲು ಅವನ ಕೈಯಿಂದ ಕಿತ್ತು ಇಡುತ್ತಿದ್ದಳು. ಒಮ್ಮೆ ಕೋಪಕ್ಕೆ ಗೋಡೆಯಿಂದ ತಂತಿಯನ್ನೇ ಕಿತ್ತು ಹಾಕಿದಳು. ಅದರಿಂದ ಏನೂ ಆಗಲಿಲ್ಲ. ತಂತಿ ನೆಲದ ಮೇಲೆ ಬಿದ್ದಿರುವಾಗಲೂ ಅವನು ಎದ್ದು ಹೋಗುತ್ತಿದ್ದ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಬ್ರೆಡ್ಡು ಕೊಡಲು ಹೋಗಿದ್ದೆ. ನಡೀನ್ ಸೂಪು ಕಾಯಿಸುತ್ತಿದ್ದಳು. ವೈನೋ ಕಿಟಕಿಯ ಬಳಿ ಇದ್ದವನು ಎದ್ದ. ಫೋನೆತ್ತಿ ಕಿವಿಗಿಟ್ಟು ಕೇಳಿಸಿಕೊಂಡ. ಎದುರಿನವರ ಮಾತು ಮುಗಿಯಲೆಂದು ಕಾಯುವವರು ಕಾಯುವ ಹಾಗೇ ಕಾದ.

"ಹೂಂ. ಇದ್ದಾನೆ. ಮಲಗಿದ್ದಾನೆ" ಎಂದ. "ಇಲ್ಲಮ್ಮ, ನಾಳೆ ದೋಣಿ ಹೊರಡಲ್ಲ. ನಾನು ಹೇಳ್ತೀನಿ ಅವನಿಗೆ. ಬೆಳಿಗ್ಗೆನೇ ಕಳಿಸ್ತೀನಿ."

ಫೋನಿಟ್ಟು ತಿರುಗಿದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ನಡೀನ್ ಸೌಟು ಕೆಳಗಿಟ್ಟಳು. "ಯಾರು ಇಸಾ?"

"ಕೌಂಟಿ ಕಚೇರಿಯೋರು. ಅವನ ಸಹಿ ಸರಿ ಇಲ್ವಂತೆ. ನಾಳೆ ಹೋಗಿ ಹಾಕಬೇಕಂತೆ."

"ಸರಿ. ಎದ್ದ ಮೇಲೆ ಹೇಳ್ತೀನಿ. ನೀವು ಬನ್ನಿ, ಸೂಪು ಆರುತ್ತೆ."

ಅವನು ಬಂದು ಕುಳಿತ. ಅವಳು ಈ ಸಲ ನಿಂತು ತಿನ್ನಲಿಲ್ಲ, ಕುರ್ಚಿ ಎಳೆದುಕೊಂಡು ಅವನೆದುರು ಕುಳಿತಳು. ಬ್ರೆಡ್ಡು ಮುರಿದು ಅವನ ತಟ್ಟೆಗಿಟ್ಟಳು. ನನಗೆ ಅಲ್ಲಿರಲಾಗಲಿಲ್ಲ.

ಬಾಗಿಲವರೆಗೆ ಅವಳು ನನ್ನ ಜೊತೆ ಬಂದಳು. "ಯಾಕೆ ಹಾಗೆ ಹೇಳ್ತೀಯಾ ಅವರಿಗೆ?" ಎಂದು ಕೇಳಿಯೇಬಿಟ್ಟೆ. "ನೀನು ಅವರನ್ನ ಕ್ಷಮಿಸಿದ್ಯಾ?"

"ಇಲ್ಲ" ಎಂದಳು. ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. "ಆದ್ರೆ ಅವರು ಫೋನ್ ಹಿಡ್ಕೊಂಡಿರೋ ಅಷ್ಟು ಹೊತ್ತು ಕರ್ಟ್ ಮಹಡೀಲಿ ಮಲಗಿರ್ತಾನೆ ಗ್ರೆಟಾ. ನಾನ್ಯಾಕೆ ಎಬ್ಬಿಸಲಿ?"

ಇದನ್ನು ಅವಳು ಪಿಸುಮಾತಿನಲ್ಲಿ ಹೇಳಿದಳು. ನಾನೂ ಮೆಟ್ಟಿಲಿಳಿಯುವ ಮುನ್ನ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡೆ.